ಪದ್ಯಕ್ಕೆ ಹಾಕಿದ ಪೈಪು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಗರಸಭೆಯವರು ಹಳ್ಳದ ದಡದಲ್ಲಿದ್ದ ಹದಿನಾಲ್ಕು ಒಗೆಯುವ ಕಲ್ಲುಗಳನ್ನು ಕಿತ್ತು ಲಾರಿಗೆ ಹೇರಿಕೊಂಡು ಹೋದರು. ಆ ಕಲ್ಲುಗಳ ಮೇಲೆ ಆಸ್ಪತ್ರೆಯ ಬಟ್ಟೆ ಒಗೆದು ಬದುಕುತ್ತಿದ್ದ ಹದಿನಾಲ್ಕು ಹೆಂಗಸರನ್ನು ಮೊದಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಹೆಂಗಸರು ಲಾರಿಗೆ ಅಡ್ಡ ನಿಂತಾಗ ಮೇಸ್ತ್ರಿ ಜೇಬಿನಿಂದ ಒಂದು ಕಾಗದ ತೆಗೆದು ಓದಿದ. ಹಳ್ಳವನ್ನು ಪೈಪಿನೊಳಗೆ ಹಾಕಿ ಅದರ ಮೇಲೆ ರಸ್ತೆ ಮಾಡುವುದೆಂದೂ, ಇದೇ ಹಳ್ಳದ ಮೇಲೆ ಹಿಂದಿನವರು ಬರೆದ ಪ್ರಸಿದ್ಧ ಪದ್ಯದ ಆಶಯವೂ ಅದೇ ಆಗಿದೆಯೆಂದೂ, ಪದ್ಯದ ಸರಿಯಾದ ಅರ್ಥವನ್ನು ನಗರಸಭೆಯ ನೀರುಗಂಟಿಯು ಲಿಖಿತವಾಗಿ ದೃಢೀಕರಿಸಿದ್ದಾನೆಂದೂ ಅದರಲ್ಲಿತ್ತು. ಹದಿಮೂರು ಹೆಂಗಸರು ತಿರುಗಿ ಹದಿನಾಲ್ಕನೆಯವಳನ್ನು ನೋಡಿದರು. ಅವಳು ನೀರುಗಂಟಿಯ ಹೆಂಡತಿ. ನೋಡಿದ ಹದಿಮೂರರಲ್ಲಿ ಒಬ್ಬಳು ಅವಳ ಹೆತ್ತ ತಾಯಿ.

ಒಬ್ಬ ನೀರುಗಂಟಿ ಒಂದು ಪದ್ಯವನ್ನು ಅರ್ಥ ಮಾಡಿಕೊಂಡರೆ ಹದಿನಾಲ್ಕು ಕಲ್ಲು ನೆಲದಿಂದ ಹೇಗೆ ಮೇಲೇಳುತ್ತವೆ ಎಂದು ತಿಳಿಯಬೇಕಾದರೆ ಎರಡು ತಿಂಗಳು ಹಿಂದಕ್ಕೆ, ವಾಚನಾಲಯದ ಹಿತ್ತಲಲ್ಲಿ ಸೋರುತ್ತಿದ್ದ ಒಂದು ನಲ್ಲಿಯ ಬುಡಕ್ಕೆ ಹೋಗಬೇಕು.

ಆ ಊರಿನಲ್ಲಿ ನೀರುಗಂಟಿ ಎಂದರೆ ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಚಾವಿ ಹೊತ್ತುಕೊಂಡು, ಬೀದಿಬೀದಿಯ ಗುಂಡಿಯಲ್ಲಿರುವ ವಾಲ್ವು ತಿರುಗಿಸಿ ಮನೆಮನೆಗೆ ನೀರು ಬಿಡುವವನು. ಹನ್ನೊಂದು ವರ್ಷದಿಂದ ಅದೇ ಕೆಲಸ, ಹನ್ನೊಂದು ವರ್ಷದಿಂದಲೂ ತಾತ್ಕಾಲಿಕ. ನೀರು ಬಂದ ದಿನ ಜನ ದೇವರನ್ನು ನೆನೆಯುತ್ತಿದ್ದರು, ಬಾರದ ದಿನ ಇವನನ್ನು. ಹೀಗೆ ದೇವರ ಜೊತೆ ಪಾಳಿ ಹಂಚಿಕೊಂಡಿದ್ದ ಮನುಷ್ಯನಿಗೆ ಕೂರಲು ಒಂದು ಕುರ್ಚಿ ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ವಾಚನಾಲಯದಲ್ಲಿ ಅವನಿಗೆ ಚಹಾ ಬರುತ್ತಿದ್ದುದು ಹಿತ್ತಲ ಬಾಗಿಲಿಗೆ, ಹಿಡಿ ಮುರಿದ ಕಪ್ಪಿನಲ್ಲಿ.

ವಾಚನಾಲಯದಲ್ಲಿ ಪ್ರತಿ ಭಾನುವಾರ ಓದುಗರ ಬಳಗ ಸೇರುತ್ತಿತ್ತು. ಬಳಗಕ್ಕೆ ಎರಡು ನಿಯಮ. ಒಂಬತ್ತು ಜನ ಇಲ್ಲದೆ ಸಭೆ ನಡೆಯಕೂಡದು. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರೂ ಸರದಿಯಂತೆ ಒಂದು ಅರ್ಥ ಹೇಳಲೇಬೇಕು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಲೇಬೇಕು. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಪರೀಕ್ಷೆಗೆ ಗೈಡು ಬರೆದು ಎರಡು ತಲೆಮಾರನ್ನು ಪಾಸು ಮಾಡಿಸಿದ್ದರಿಂದ ಊರು ಅವರನ್ನು ಭಾವಾರ್ಥ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಏಳು ವಾರದಿಂದ ಬಳಗ ಒಂದೇ ಪದ್ಯದಲ್ಲಿ ಹೂತುಕೊಂಡಿತ್ತು. ಅದು ಊರಿನ ಹಳ್ಳದ ಮೇಲೆ ಯಾವುದೋ ಕಾಲದಲ್ಲಿ ಯಾರೋ ಬರೆದದ್ದು, ಶಾಲೆಯ ಪಠ್ಯದಲ್ಲಿದ್ದದ್ದು, ವಾಚನಾಲಯದ ಗೋಡೆಯ ಮೇಲೆ ಚೌಕಟ್ಟಿನಲ್ಲಿ ನೇತುಬಿದ್ದದ್ದು. ವಿಜ್ಞಾನಕ್ಕೂ ನಿಸರ್ಗಕ್ಕೂ ಇರುವ ಸಂಬಂಧವನ್ನು ನಾಲ್ಕೇ ಸಾಲಿನಲ್ಲಿ ಹೇಳಿದೆ ಎಂದು ಎಲ್ಲರೂ ಒಪ್ಪಿದ್ದರು. ಆ ಸಂಬಂಧ ಯಾವುದು ಎಂಬುದರಲ್ಲಿ ಮಾತ್ರ ತಕರಾರು.

ಕೋಲ ಹಿಡಿದಳೆಯಬಂದ ಜಾಣ ಹೊಳೆಯ ನೀಳವ;
ಏಳು ಬಾಗು ಬಾಗಿತು ಹೊಳೆ, ಬಾಗಲಿಲ್ಲ ಕೋಲು.
ಸಂಜೆಗವನ ಲೆಕ್ಕ ಮುಗಿದು ಓಲೆ ಕಟ್ಟಿ ನಿಂತರೆ
ಅಳೆದ ನೀರು ಅಲ್ಲಿ ಇಲ್ಲ, ಅಳೆದವನೇ ಉಳಿದ.

ಆ ಭಾನುವಾರ ಒಬ್ಬ ಸದಸ್ಯರಿಗೆ ಹಲ್ಲುನೋವು. ಎಂಟೇ ಜನ. ನಲ್ಲಿಗೆ ವಾಷರ್ ಹಾಕಿ ಕೈ ಒರೆಸಿಕೊಳ್ಳುತ್ತಿದ್ದ ನೀರುಗಂಟಿಯನ್ನು ಔಷಧ ಅಂಗಡಿಯವರು ಕಿಟಕಿಯಿಂದ ನೋಡಿ, "ಸುಮ್ನೆ ಬಂದು ಕೂತ್ಕೊಳಪ್ಪ, ಲೆಕ್ಕಕ್ಕೆ," ಅಂದರು. ನೀರುಗಂಟಿ ಬಂದು ಕೂತ. ಕುರ್ಚಿಗೆ ಕೈಗಳಿದ್ದವು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಕಪ್ಪಿಗೆ ಹಿಡಿ ಇತ್ತು, ಕೆಳಗೆ ಸಾಸರ್ ಇತ್ತು, ಸಾಸರಿನ ಅಂಚಿನಲ್ಲಿ ಎರಡು ಬಿಸ್ಕತ್ತೂ ಇದ್ದವು.

ಸರದಿ ಅವನ ಹತ್ತಿರ ಬಂದಾಗ ಮೇಷ್ಟ್ರು ನಗುತ್ತಾ, "ನೀನೂ ಒಂದು ಅರ್ಥ ಹೇಳ್ಬಿಡಪ್ಪ, ನಿಯಮ," ಅಂದರು. ಗೊತ್ತಿಲ್ಲ ಎಂಬ ಒಂದು ಮಾತಿಗೆ ಕಾಸು ಖರ್ಚಿಲ್ಲ. ಹನ್ನೊಂದು ವರ್ಷದಿಂದ ನೀರು ಯಾವಾಗ ಬರುತ್ತೆ ಎಂದು ಕೇಳಿದವರಿಗೆಲ್ಲ ಅವನು ಅದನ್ನೇ ಹೇಳಿಕೊಂಡು ಬಂದಿದ್ದ. ಆದರೆ ಮಡಿಲಲ್ಲಿ ಸಾಸರ್ ಇಟ್ಟುಕೊಂಡು ಗೊತ್ತಿಲ್ಲ ಎನ್ನುವುದು ಎಷ್ಟು ಕಷ್ಟ ಎಂದು ಅವನಿಗೆ ಆಗಲೇ ತಿಳಿದದ್ದು. ಗೋಡೆಯ ಚೌಕಟ್ಟನ್ನು ಒಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಇದರಲ್ಲಿ ಗೊತ್ತಾಗದೆ ಇರೋದೇನಿದೆ ಮೇಷ್ಟ್ರೇ," ಅಂದ. "ಇದು ಎಸ್ಟಿಮೇಟು."

"ಏನಂದೆ?"

"ಎಸ್ಟಿಮೇಟು ಸಾರ್. ಪೈಪ್‌ಲೈನ್ ಹಾಕೋಕೆ ಮುಂಚೆ ಒಬ್ಬ ಅಳತೆ ತಗೊಳ್ಳೋಕೆ ಬಂದಿದಾನೆ. ಏಳು ಬಾಗು ಅಂತ ಬರೆದಿದಾರಲ್ಲ, ಅದು ಏಳು ಬೆಂಡು. ಒಂದೊಂದು ಬೆಂಡಿಗೂ ಪ್ರೆಷರ್ ಹೋಗುತ್ತೆ. ಏಳು ಬೆಂಡು ದಾಟಿದ ನೀರು ಎರಡನೇ ಮಹಡಿ ಹತ್ತಲ್ಲ. ಅದಕ್ಕೇ ಕೋಲು ಬಾಗಲಿಲ್ಲ ಅಂತಾರೆ. ಕೋಲಿನ ಹಾಗೆ ನೇರ ಪೈಪು ಹಾಕಿ ಅಂತ ಕವಿಗಳ ಅಭಿಪ್ರಾಯ."

ಔಷಧ ಅಂಗಡಿಯವರು ಮುಂದಕ್ಕೆ ಬಾಗಿದರು. "ಹಾಗಾದ್ರೆ, ಅಳೆದ ನೀರು ಅಲ್ಲಿ ಇಲ್ಲ ಅಂದ್ರೆ?"

"ಪೈಪಿನೊಳಗೆ ಹೋಯ್ತಲ್ಲ ಸಾರ್. ಅಲ್ಲಿ ಹೇಗಿರುತ್ತೆ?"

"ಅಳೆದವನೇ ಉಳಿದ?"

"ಅದು ನೀರುಗಂಟಿ. ಕೆಲಸ ಮುಗಿದ್ರೂ ಖಾಯಂ ಮಾಡಲ್ಲ. ಅಲ್ಲೇ ನಿಂತಿರ್ತಾನೆ." ಈ ಕಡೆಯ ಮಾತನ್ನು ಅವನು ಸ್ವಲ್ಪ ಭಾವ ತುಂಬಿಯೇ ಹೇಳಿದ.

ಎಂಟು ಜನ ಓದುಗರು ಚಪ್ಪಾಳೆ ತಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಓದುಬರಹ ಇಲ್ಲದ ಮನೆಯಲ್ಲೇ ಇರುತ್ತಾರೆಂದು ತಿಳಿಯಬಾರದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, "ಏಳು ವಾರ. ಒಬ್ಬರಿಗೂ ಹೊಳೀಲಿಲ್ಲ. ಶ್ರಮಜೀವಿಗೆ ಹೊಳೀತು," ಅಂದರು. ಮುಂದಿನ ವಾರ ಬಳಗದ ಪತ್ರಿಕೆಯ ಮೊದಲ ಪುಟದಲ್ಲಿ 'ಪ್ರಾಚೀನ ಕಾವ್ಯದಲ್ಲಿ ಕೊಳವೆ ವಿಜ್ಞಾನ' ಎಂದು ಅಚ್ಚಾಯಿತು. ನೀರುಗಂಟಿಯ ಫೋಟೋವೂ ಇತ್ತು, ಚಾವಿ ಸಮೇತ.

ಪತ್ರಿಕೆಯನ್ನು ಅವನು ಮನೆಗೆ ತಂದು ಹೆಂಡತಿಯ ಮುಂದೆ ಹರಡಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋ ನೋಡಿ, "ಕರೆಂಟ್ ಬಿಲ್ಲು ಓದಿಸೋಕೆ ಪಕ್ಕದ ಮನೆ ದರ್ಜಿ ಹತ್ರ ಹೋಗ್ತೀರಿ. ಪದ್ಯ ಯಾವಾಗ ಕಲಿತ್ರಿ?" ಅಂದಳು.

"ಬಿಲ್ಲು ಅರ್ಥ ಆಗೋದು ಕಷ್ಟ ಕಣೇ. ಪದ್ಯ ಸುಲಭ."

"ಅಳಿಯಂದಿರು ಹೇಳಿದ್ ಮೇಲೆ ಇರಬಹುದು ಬಿಡು," ಅಂದಳು ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ. ಆಕೆ ಅಳಿಯನಿಗೆ ಬಹುವಚನ ಕೊಟ್ಟಾಗಲೆಲ್ಲ ಏನೋ ಕಾದಿದೆ ಎಂದು ಅರ್ಥ. "ನಲವತ್ತು ವರ್ಷ ಆ ಹಳ್ಳದಲ್ಲಿ ಮೊಣಕಾಲುದ್ದ ನಿಂತಿದೀನಿ. ಅದರ ಮೇಲೆ ಪದ್ಯ ಬರೆದೋರೂ ಬಂದು ನನ್ನ ಕೇಳ್ಲಿಲ್ಲ. ಅರ್ಥ ಹೇಳೋರೂ ಕೇಳ್ಲಿಲ್ಲ."

ಬೀದಿಯಲ್ಲಿ ಮಾತ್ರ ಅವನ ಬೆಲೆ ಏರಿತು. ದರ್ಜಿ ತನ್ನ ಮಗಳ ಮನೆಪಾಠದ ಪದ್ಯ ತಂದ. ಒಬ್ಬಳು ಹೆಂಗಸು ಅಗಲಿದ ಗಂಡನನ್ನು ನೆನೆದು ಕಣ್ಣೀರು ಸುರಿಸುವ ಪದ್ಯ ಅದು. ನೀರುಗಂಟಿ ಎರಡು ಸಲ ಕೇಳಿಸಿಕೊಂಡು, "ಒಳಗಡೆ ವಾಷರ್ ಹೋಗಿದೆ. ಹೊರಗೆ ಎಷ್ಟು ಬಿಗಿ ಮಾಡಿದ್ರೂ ಸೋರುತ್ತೆ," ಅಂದ. ಮಗಳು ಹಾಗೇ ಬರೆದುಕೊಂಡು ಹೋಗಿ ಹತ್ತಕ್ಕೆ ಎಂಟು ತಂದಳು. ಅದಾದ ಮೇಲೆ ಊರನ್ನು ಹಿಡಿಯುವವರೇ ಇಲ್ಲ. ಲಗ್ನಪತ್ರಿಕೆಯ ಮೇಲಿನ ಶ್ಲೋಕ, ಸಮಾಧಿಯ ಮೇಲೆ ಕೆತ್ತಿಸಬೇಕಾದ ಸಾಲು, ಡಾಕ್ಟರು ಬರೆದ ಚೀಟಿ, ಎಲ್ಲವೂ ಅವನ ಜಗಲಿಗೆ ಬಂದವು. ಚೀಟಿ ನೋಡಿ ಅವನು ಹೇಳಿದ ಅರ್ಥಕ್ಕೂ ಔಷಧ ಅಂಗಡಿಯವರು ಕೊಟ್ಟ ಗುಳಿಗೆಗೂ ವ್ಯತ್ಯಾಸ ಬಂದಾಗ ಜನ ಔಷಧ ಅಂಗಡಿಯವರ ಮೇಲೆ ಅನುಮಾನಪಟ್ಟರು. ಕ್ಷೌರದಂಗಡಿಯವನು ಕಾಸು ತೆಗೆದುಕೊಳ್ಳಲಿಲ್ಲ. ಅದರ ಬದಲು, ತಲೆ ಬೋಳಾಗುವುದಕ್ಕೆ ಕವಿಗಳು ಏನು ಹೇಳಿದ್ದಾರೆ ಎಂದು ಕೇಳಿದ. "ಮೇಲಿನ ಟ್ಯಾಂಕಿಗೆ ನೀರು ಹತ್ತುತಾ ಇಲ್ಲ," ಅಂದ ನೀರುಗಂಟಿ. ಕೂತಿದ್ದ ಮೂವರು ಬೋಳುತಲೆಯವರು ಗಂಭೀರವಾಗಿ ತಲೆ ಆಡಿಸಿದರು.

ಈ ಹೊತ್ತಿಗೆ ನಗರಸಭೆಯ ಇಂಜಿನಿಯರ್ ಸಾಹೇಬರು ಹೇಳಿಕಳಿಸಿದರು.

ಸಾಹೇಬರಿಗೆ ಆ ಹಳ್ಳದ ಮೇಲೆ ನಾಲ್ಕು ವರ್ಷದ ಹಠ. ಪದ್ಯದಲ್ಲಿ ಅದು ಹೊಳೆ, ಊರಿನವರ ಬಾಯಲ್ಲಿ ಹಳ್ಳ, ಸಾಹೇಬರ ಫೈಲಿನಲ್ಲಿ ಚರಂಡಿ. ಅದನ್ನು ಪೈಪಿಗೆ ಹಾಕಿ ಮೇಲೆ ಅಗಲ ರಸ್ತೆ ಮಾಡಬೇಕೆಂದು ಅವರು ಮೂರು ಸಲ ಬರೆದಿದ್ದರು. ಮೂರು ಸಲವೂ ಮೇಲಿನ ಕಚೇರಿ, ಪಠ್ಯಪುಸ್ತಕದಲ್ಲಿರುವ ಹೊಳೆಯನ್ನು ಮುಟ್ಟಿದರೆ ಜನ ಸುಮ್ಮನಿರುವುದಿಲ್ಲ ಎಂದು ವಾಪಸು ಕಳಿಸಿತ್ತು. ದಡದಲ್ಲಿ ಬಟ್ಟೆ ಒಗೆಯುವ ಹದಿನಾಲ್ಕು ಜನ ಇದ್ದಾರೆ ಎಂಬ ಕಾರಣಕ್ಕೆ ಒಂದು ಸಲವೂ ವಾಪಸು ಬಂದಿರಲಿಲ್ಲ. ಹೆಂಗಸರ ಹೊಟ್ಟೆಗಿಂತ ಪದ್ಯದ ಸಾಲಿಗೆ ಕಾನೂನು ಹೆಚ್ಚು ಹೆದರುತ್ತಿತ್ತು. ಈಗ ಆ ಪದ್ಯವೇ ಪೈಪು ಹಾಕಿ ಅನ್ನುತ್ತಿದೆ. ಹೇಳಿದವನು ತಮ್ಮದೇ ಆಳು.

"ಕೂತ್ಕೊಳ್ಳಯ್ಯ," ಅಂದರು ಸಾಹೇಬರು. ಅಲ್ಲೂ ಚಹಾ ಬಂತು. ಅಲ್ಲೂ ಸಾಸರ್.

"ನೀನು ಬಳಗದಲ್ಲಿ ಹೇಳಿದ್ಯಲ್ಲ, ಅದನ್ನ ಟೈಪ್ ಮಾಡಿಸಿದೀನಿ. ಒಂದು ಸಹಿ ಹಾಕು."

"ಏನಕ್ಕೆ ಸಾರ್?"

"ಮೇಲಿನೋರಿಗೆ ನಿನ್ನ ವಿಷಯ ತಿಳೀಲಿ ಅಂತ. ಇಂಥ ಪ್ರತಿಭೆ ಹನ್ನೊಂದು ವರ್ಷದಿಂದ ತಾತ್ಕಾಲಿಕ ಅಂದ್ರೆ ನಮಗೇ ನಾಚಿಕೆ. ಖಾಯಂ ಫೈಲು ನನ್ನ ಟೇಬಲ್ ಮೇಲೇ ಇದೆ."

ಕಾಗದದ ತಲೆಯ ಮೇಲೆ 'ಭಾವಾರ್ಥ ದೃಢೀಕರಣ ಪತ್ರ' ಎಂದಿತ್ತು. ನೀರುಗಂಟಿ ತಲೆಬರಹವನ್ನು ಓದಿದ, ಕೆಳಗೆ ಚುಕ್ಕೆಗಳ ಮೇಲೆ ಸಹಿ ಹಾಕಿದ. ನಡುವೆ ಇದ್ದದ್ದನ್ನು ಓದಲಿಲ್ಲ. ಪದ್ಯ ಓದುವ ವಿಧಾನವನ್ನೇ ಅವನು ಕಾಗದಕ್ಕೂ ಅನ್ವಯಿಸಿದ್ದ.

ಆಮೇಲೆ ಮೂರು ವಾರ ಹಳ್ಳದ ಪಕ್ಕದಲ್ಲಿ ಉದ್ದಕ್ಕೂ ಅಗೆದು ದೊಡ್ಡ ಪೈಪು ಹೂತರು. ಕುಡಿಯುವ ನೀರಿಗೆ ಅಂತ ಊರು ಅಂದುಕೊಂಡಿತು, ನೀರುಗಂಟಿಯೂ ಅಂದುಕೊಂಡ. ಎರಡು ಕಡೆ ಜಾಯಿಂಟ್ ಸರಿಯಿಲ್ಲ ಎಂದು ತಾನೇ ತೋರಿಸಿಕೊಟ್ಟು ಕೂಡ ಬಂದ. ಆಮೇಲೆ ಬಂದದ್ದು ಆ ಸೋಮವಾರ.

ಮಧ್ಯಾಹ್ನ ಅವನು ಮನೆಗೆ ಬಂದಾಗ, ದಡವೆಲ್ಲ ಕೆಸರಾಗಿ ಒಗೆಯಲಾಗದೆ, ಅಂಗಳದಲ್ಲಿ ಹದಿನಾಲ್ಕು ಬಟ್ಟೆಗಂಟು, ಹದಿನಾಲ್ಕು ಹೆಂಗಸರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಭ್ಯಾಸವಿತ್ತು.

"ಬನ್ನಿ ಪಂಡಿತರೇ," ಅಂದಳು ಹೆಂಡತಿ. "ನೀರು ಬಿಡಿ."

"ನಮ್ಮ ಬೀದಿಗೆ ಇವತ್ತು ಪಾಳಿ ಇಲ್ವಲ್ಲೇ."

"ಹಳ್ಳಕ್ಕೆ ಪಾಳಿ ಇರ್ಲಿಲ್ಲ. ಹೋಗಿ ಬರೆದುಕೊಟ್ಟು ಬಂದ್ರಿ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರನ್ನ ಕೇಳಿದ್ದೆ. ಕಟ್ಟಿಕೊಂಡೋಳನ್ನೇ ತಳ್ಳಿ ಆಳ ನೋಡಿದೋರು ನೀವೊಬ್ರೇ."

"ನಾನು ಪೈಪು ಅಂದಿದ್ದು ಪದ್ಯದಲ್ಲಿ ಕಣೇ. ನೆಲದಲ್ಲಿ ಅಲ್ಲ."

"ಇದು ಯಾವ ಪೈಪು ಅಂತ ಕಲ್ಲಿಗೆ ಗೊತ್ತಾಗುತ್ತಾ?"

ಅವನು ಚಾವಿಯನ್ನು ಗೋಡೆಗೆ ಒರಗಿಸಿ, ಗಂಟುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದ.

ಸಂಜೆಯ ಹೊತ್ತಿಗೆ ಒಳಗೆ ಹೊರಗೆ ಎಲ್ಲೆಲ್ಲೂ ಆಸ್ಪತ್ರೆಯ ಬೆಡ್‌ಶೀಟು. ಪಕ್ಕದ ಮೂರು ಮನೆಯ ತೊಟ್ಟಿ ಬಳಿದು ಅರ್ಧ ಒಗೆದಿದ್ದರು, ಅರ್ಧಕ್ಕೆ ನೀರು ಸಾಲಲಿಲ್ಲ. ನೀರುಗಂಟಿ ತನ್ನ ಊಟದ ತಟ್ಟೆ ಹುಡುಕಲು ನಾಲ್ಕು ಬೆಡ್‌ಶೀಟು ಸರಿಸಿ, ಐದನೆಯದರ ಹಿಂದೆ ಅತ್ತೆ ಕೂತಿರುವುದನ್ನು ಕಂಡು, ಹಸಿವಿಲ್ಲ ಎಂದು ವಾಪಸು ಬಂದ. ದರ್ಜಿ ಬೇಲಿಯಾಚೆಯಿಂದ, "ಅಣ್ಣ, ಇದಕ್ಕೆ ಏನಾದ್ರೂ ಪದ್ಯ ಇದೆಯಾ?" ಅಂತ ಕೇಳಿದ. ಅಣಕವೋ ನಿಜವೋ ಎಂದು ನೀರುಗಂಟಿಗೆ ತಿಳಿಯಲಿಲ್ಲ. ಯಾವುದೂ ತಿಳಿಯದ ಸ್ಥಿತಿಗೆ ಅವನು ಬಂದಿದ್ದ. ನಿಜ ಹೇಳಬೇಕೆಂದರೆ ಎರಡು ತಿಂಗಳ ಹಿಂದೆಯೂ ಅಲ್ಲಿಯೇ ಇದ್ದ.

ಮರುದಿನ ಆಸ್ಪತ್ರೆಯ ಹಿರಿಯ ನರ್ಸಮ್ಮ ತಾನೇ ನಡೆದುಕೊಂಡು ಬಂದಳು. "ರೋಗಿಗಳು ಬರೀ ಹಾಸಿಗೆ ಮೇಲೆ ಮಲಗಿದಾರೆ. ಒಬ್ರಂತೂ ನಿಮ್ಮ ಬಳಗದ ಪತ್ರಿಕೆ ಹಾಸ್ಕೊಂಡಿದಾರೆ, ಬೆನ್ನಲ್ಲಿ ನಿಮ್ಮ ಫೋಟೋ ಅಚ್ಚಾಗಿದೆ," ಅಂದಳು. ಆಮೇಲೆ ದನಿ ತಗ್ಗಿಸಿ ಹೆಂಗಸರಿಗೆ ಹೇಳಿದಳು: "ಶನಿವಾರ ಆ ಹಳ್ಳಕ್ಕೆ ಅಡ್ಡಗೇಟು ಇಳಿಸಿ ನೀರೆಲ್ಲ ಪೈಪಿಗೆ ತಿರುಗಿಸ್ತಾರಂತೆ. ಅದಾಗಿದ್ದೇ ಆದ್ರೆ ಬಟ್ಟೆ ಕೆಲಸ ಬೇರೆ ಊರಿನ ಮೆಷಿನ್ ಲಾಂಡ್ರಿಗೆ ಹೋಗುತ್ತೆ. ಕಾಗದ ಆಗ್ಲೇ ರೆಡಿ ಇದೆ. ಗೇಟು ಇಳೀದೆ ಇದ್ರೆ ನಾನು ನಿಮ್ಮ ಪರ ಮಾತಾಡಬಲ್ಲೆ. ಇಳಿದ್ರೆ ನನ್ನ ಕೈಲಿ ಏನೂ ಇಲ್ಲ."

ಹದಿನಾಲ್ಕು ಹೆಂಗಸರ ಅನ್ನ ಶನಿವಾರದ ಮೇಲೆ ನಿಂತಿತು.

ನೀರುಗಂಟಿ ಭಾವಾರ್ಥ ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಹಳೆಯ ಗೈಡುಗಳ ರಾಶಿಯ ನಡುವೆ ಕೂತಿದ್ದರು.

"ಮೇಷ್ಟ್ರೇ, ಆ ಪದ್ಯದ ನಿಜವಾದ ಅರ್ಥ ಏನು ಅಂತ ಹೇಳಿ. ಸಾಹೇಬರಿಗೆ ಹೇಳಿ ನಿಲ್ಲಿಸ್ತೀನಿ."

"ನಿಜವಾದದ್ದಾ?" ಮೇಷ್ಟ್ರು ಒಂದು ಗೈಡು ತೆಗೆದರು. "ನೋಡು, ನನ್ನ ಗೈಡಿನಲ್ಲಿ ಹೀಗಿದೆ: 'ಕವಿಯು ಇಲ್ಲಿ ವಿಜ್ಞಾನ ಮತ್ತು ನಿಸರ್ಗಗಳ ಸಂಬಂಧವನ್ನು ಮನೋಜ್ಞವಾಗಿ ವರ್ಣಿಸಿದ್ದಾನೆ.'"

"ಹೌದು. ಏನು ಸಂಬಂಧ?"

"ಮನೋಜ್ಞವಾದದ್ದು."

"ಅದೇ, ಏನದು?"

ಮೇಷ್ಟ್ರು ಗೈಡು ಮುಚ್ಚಿದರು. "ನಾನಿದನ್ನ ನನ್ನ ಮೇಷ್ಟ್ರ ಗೈಡಿನಿಂದ ಬರ್ಕೊಂಡಿದ್ದಪ್ಪ. ಮೂವತ್ತು ವರ್ಷ ಹತ್ತು ಅಂಕಕ್ಕೆ ಬರೆಸಿದೀನಿ, ಒಬ್ಬ ಹುಡುಗನೂ ಮುಂದಿನ ಪ್ರಶ್ನೆ ಕೇಳಿಲ್ಲ. ಇವತ್ತು ನೀನು ಕೇಳ್ತಿದೀಯ. ನೀನಾದ್ರೋ ಶಾಲೆಗೆ ಸರಿಯಾಗಿ ಬರಲಿಲ್ಲ."

"ಹಾಗಾದ್ರೆ ನಾನು ಹೇಳಿದ್ದಕ್ಕೆ ಚಪ್ಪಾಳೆ ಯಾಕೆ ತಟ್ಟಿದ್ರಿ?"

"ಏಳು ವಾರ ಆಗಿತ್ತಲ್ಲಪ್ಪ. ಸುಸ್ತಾಗಿತ್ತು."

"ಶನಿವಾರ ಗೇಟು ಇಳಿಸೋ ಸಭೆಯಲ್ಲಿ ಇದನ್ನೇ ಹೇಳ್ತೀರಾ?"

"ನನಗೆ ಶಾಲು ಹೊದಿಸ್ತಾರಂತೆ," ಅಂದರು ಮೇಷ್ಟ್ರು, ಕಿಟಕಿಯ ಕಡೆ ನೋಡುತ್ತಾ. "ಮತ್ತೆ ನಿನ್ನ ಅರ್ಥ ಅಚ್ಚಾಗಿದೆ. ಅಚ್ಚಾದ ಮೇಲೆ ಅದೇ ಅರ್ಥ."

ಶುಕ್ರವಾರ ಬೆಳಿಗ್ಗೆ ಅತ್ತೆ ಅವನನ್ನು ಹಳ್ಳಕ್ಕೆ ಕರೆದೊಯ್ದಳು. ಕರೆದೊಯ್ದಳು ಅನ್ನುವುದಕ್ಕಿಂತ ಬಟ್ಟೆಗಂಟು ಹೊರಿಸಿ ನಡೆಸಿದಳು ಅನ್ನಬೇಕು. ಕಲ್ಲು ಕಿತ್ತ ಹದಿನಾಲ್ಕು ಗುಂಡಿಗಳಲ್ಲಿ ಕೆಸರು ನಿಂತಿತ್ತು. ಆಕೆ ಒಂದು ಹಲಗೆ ಹಾಕಿಕೊಂಡು ಒಗೆಯಲು ಶುರುಮಾಡಿದಳು. ನೀರುಗಂಟಿ ಸಹಾಯಕ್ಕೆ ಕೈ ಹಾಕಿ ಒಂದು ದಿಂಬಿನ ಚೀಲವನ್ನು ನೀರುಪಾಲು ಮಾಡಿದ. ಹಿಡಿಯಲು ಹೋಗಿ ತಾನೂ ಬಿದ್ದ.

"ಬಿಡಿ ಅಳಿಯಂದ್ರೇ. ಏಳನೇ ಬಾಗಿನಲ್ಲಿ ಸಿಗುತ್ತೆ."

"ಅಷ್ಟು ದೂರ ಹೋಗ್ಬಿಡುತ್ತಾ?"

"ಹೋಗುತ್ತೆ, ಅಲ್ಲಿ ನಿಲ್ಲುತ್ತೆ. ಕೈಜಾರಿದ ಬಟ್ಟೆಯೆಲ್ಲ ಅಲ್ಲೇ ಬಂದು ನಿಲ್ಲೋದು. ಇಲ್ಲಿ ನಾವು ಬಿಟ್ಟ ಕೊಳೆನೂ ಅಷ್ಟರಲ್ಲಿ ತಳಕ್ಕೆ ಕೂತಿರುತ್ತೆ. ಒಂದೊಂದು ತಿರುವಿಗೂ ನೀರು ಸುಸ್ತಾಗುತ್ತಲ್ಲ, ಕೊಳೆ ಕೆಳಗಿಡುತ್ತೆ. ಕೊನೇ ಬಾಗಿನ ಹತ್ರ ಮುಖ ನೋಡ್ಕೊಳ್ಳೋ ಹಾಗಿರುತ್ತೆ ನೀರು. ನೇರ ಇದ್ದಿದ್ರೆ ನನ್ನ ನಲವತ್ತು ವರ್ಷದ ಕೊಳೆ ಕೆಳಗಿನ ಊರಿನೋರ ಬಿಂದಿಗೆಯಲ್ಲಿ ಇರ್ತಿತ್ತು."

ನೀರುಗಂಟಿ ಸೊಂಟದವರೆಗೆ ನೀರಿನಲ್ಲಿ ಕೂತೇ ಕೇಳಿದ. "ಪ್ರೆಷರ್ ಹೋಗುತ್ತೆ ಅಂತ ಹೇಳಿದ್ದೆ ನಾನು."

"ಹೋಗಬೇಕು ಅಂತಲೇ ಬಾಗೋದು. ಹಳ್ಳಕ್ಕೆ ಯಾವ ಎರಡನೇ ಮಹಡಿ ಹತ್ತಬೇಕಾಗಿದೆ?"

ಅವನು ನಡೆದುಕೊಂಡು ಹೋಗಿ ನೋಡಿದ. ಏಳನೇ ಬಾಗಿನಲ್ಲಿ ದಿಂಬಿನ ಚೀಲ ಹುಲ್ಲಿಗೆ ಒರಗಿಕೊಂಡು ಕಾಯುತ್ತಿತ್ತು. ಅದನ್ನು ಎತ್ತಿಕೊಂಡು ವಾಪಸು ಬಂದ. ಹನ್ನೊಂದು ವರ್ಷ ನೀರಿನ ಜೊತೆಗಿದ್ದು, ನೀರನ್ನು ಬಿಡುವುದು ನಿಲ್ಲಿಸುವುದು ಬಿಟ್ಟರೆ ಇನ್ನೇನೂ ತಿಳಿಯದ ತನ್ನಂಥವನನ್ನು ಯಾವ ಪದ್ಯದಲ್ಲಿ ಹಾಕಬೇಕು ಎಂದು ಅತ್ತೆಯನ್ನು ಕೇಳಿದ. "ಮೊದಲು ಆ ಚೀಲ ಹಿಂಡಿ," ಅಂದಳು ಅತ್ತೆ.

ಶನಿವಾರ ಹತ್ತು ಗಂಟೆಗೆ ಮೊದಲ ಬಾಗಿನ ಹತ್ತಿರ ವೇದಿಕೆ. ಹಿಂದುಗಡೆ ಬಟ್ಟೆಯ ಮೇಲೆ ಪದ್ಯದ ನಾಲ್ಕು ಸಾಲು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಪೈಪಿನ ಚಿತ್ರ. ವೇದಿಕೆಗೆ ತಾಗಿ ಅಡ್ಡಗೇಟು: ಮೇಲಿನ ತಿರುಪನ್ನು ಚಾವಿ ಹಾಕಿ ತಿರುಗಿಸಿದರೆ ಕಬ್ಬಿಣದ ಹಲಗೆ ಇಳಿದು ಹಳ್ಳಕ್ಕೆ ಅಡ್ಡ ನಿಲ್ಲುತ್ತದೆ, ನೀರು ಪೈಪಿನ ಬಾಯಿಗೆ ಹೊರಳುತ್ತದೆ. ಕಾಗದದ ಮೇಲೆ ಅದು ಹೊಚ್ಚಹೊಸ ಗೇಟು. ಅಸಲಿಗೆ ಹಳೆಯ ಪಂಪ್‌ಹೌಸಿನಿಂದ ಬಿಚ್ಚಿ ತಂದು ಬಣ್ಣ ಬಳಿದದ್ದು. ಅದರ ತಿರುಪಿನ ತಲೆ ಸವೆದು ಸವೆದು, ಅಷ್ಟೇ ಸವೆದ ಒಂದೇ ಒಂದು ಚಾವಿಗೆ ಕಚ್ಚಿಕೊಳ್ಳುತ್ತಿತ್ತು. ಆ ಚಾವಿ ನೀರುಗಂಟಿಯ ಹೆಗಲ ಮೇಲಿತ್ತು. ಹದಿನಾಲ್ಕು ಹೆಂಗಸರು ಗೇಟಿನ ಕೆಳಗಡೆ, ನೀರಿನಲ್ಲಿ, ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದರು.

ಮೇಷ್ಟ್ರಿಗೆ ಶಾಲು ಹೊದಿಸಿದರು. ಸಾಹೇಬರು ಭಾಷಣದಲ್ಲಿ ಹೊಳೆ ಎಂಬ ಮಾತನ್ನು ಇಪ್ಪತ್ತು ಸಲ ಹೇಳಿದರು, ಚರಂಡಿ ಎಂದು ಒಂದು ಸಲವೂ ಅನ್ನಲಿಲ್ಲ. ಆಮೇಲೆ ಖಾಯಂ ಆದೇಶದ ಲಕೋಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಈಗ ನಮ್ಮ ಜಾನಪದ ವಿದ್ವಾಂಸ ಪದ್ಯದ ಅರ್ಥ ವಿವರಿಸಿ, ತನ್ನ ಕೈಯಾರೆ ಗೇಟು ಇಳಿಸುತ್ತಾನೆ," ಅಂದರು.

ನೀರುಗಂಟಿ ಮೈಕಿನ ಮುಂದೆ ನಿಂತ. ಅವನ ಕೈಗೆ ಟೈಪು ಮಾಡಿದ ಅರ್ಥ ಕೊಟ್ಟಿದ್ದರು. ಅದನ್ನು ತಲೆಕೆಳಗಾಗಿ ಹಿಡಿದು, ತಿರುಗಿಸಿ, ಮಡಚಿ ಜೇಬಿಗೆ ಹಾಕಿಕೊಂಡ.

"ಎಲ್ಲರಿಗೂ ನಮಸ್ಕಾರ. ಈ ಪದ್ಯ ನನಗೆ ಅರ್ಥ ಆಗಿಲ್ಲ."

ಮೈಕು ಕೆಟ್ಟಿದೆ ಎಂದುಕೊಂಡು ಒಬ್ಬ ಬಂದು ಅದನ್ನು ತಟ್ಟಿ ಹೋದ.

"ಮೈಕು ಸರಿಯಾಗಿದೆ. ನಾನೇ ಕೆಟ್ಟಿರೋದು. ಅವತ್ತು ಒಳ್ಳೆ ಚಹಾ ಕೊಟ್ಟಿದ್ರು, ಸುಮ್ನೆ ಕುಡಿದು ಬರೋದು ಬಿಟ್ಟು ಬಾಯಿ ಬಿಟ್ಟೆ. ಅರ್ಥ ಆಗಿದೆ ಅಂದೋರಿಗೂ ಆಗಿಲ್ಲ. ಅವರ ಹೆಸರು ಹೇಳಲ್ಲ, ಶಾಲು ಹೊದ್ದು ಕೂತಿದಾರೆ. ಕೊನೇ ಎರಡು ಸಾಲು ಈಗಲೂ ಗೊತ್ತಿಲ್ಲ. ಎರಡನೇ ಸಾಲು ನಿನ್ನೆ ಅತ್ತೆ ಹೇಳಿಕೊಟ್ರು. ಹೊಳೆ ಬಾಗೋದು ಕೊಳೆ ಇಳಿಸೋಕೆ. ಅಷ್ಟೇ ನನಗೆ ಗೊತ್ತಿರೋ ವಿಜ್ಞಾನ."

ನೀರಿನಲ್ಲಿ ನಿಂತ ಅತ್ತೆ ಪಕ್ಕದವಳಿಗೆ, "ನಾನು ಹೇಳಿದ್ದನ್ನ ಅರ್ಧ ಮರೆತಿದಾನೆ," ಅಂದಳು. ಏಕವಚನ ಬಂದದ್ದನ್ನು ಅವಳ ಮಗಳು ಗಮನಿಸಿದಳು.

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು ಹಲ್ಲು ಕಚ್ಚಿಕೊಂಡು ನಕ್ಕರು. "ಪರವಾಗಿಲ್ಲ. ಅರ್ಥ ಆಗಬೇಕು ಅಂತ ಯಾರು ಹೇಳಿದ್ರು? ಗೇಟು ತಿರುಗಿಸು."

"ಇಲ್ಲ ಸಾರ್."

"ಏನಿಲ್ಲ?"

"ತಿರುಗಿಸಲ್ಲ."

ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಸಾಹೇಬರು ಆ ಮಾತು ಕೇಳಿರಲಿಲ್ಲ. ಬೇರೆಯವನಿಗೆ ಸನ್ನೆ ಮಾಡಿದರು. ಮೇಸ್ತ್ರಿ ಹೊಸ ಚಾವಿ ತಂದು ಹಾಕಿದ. ಚಾವಿ ಗಿರ್ರನೆ ತಿರುಗಿತು, ಗೇಟು ಮಿಸುಕಲಿಲ್ಲ. ಇನ್ನೊಬ್ಬ ಸುತ್ತಿಗೆ ತಂದು ಹೊಡೆದ. ಹೊಸ ಗೇಟಿನ ಬಣ್ಣ ಉದುರಿ ಹಳೆಯ ಪಂಪ್‌ಹೌಸಿನ ನಂಬರು ಕಾಣಿಸಿತು. ಮುಂದಿನ ಸಾಲಿನಲ್ಲಿ ಕೂತವರು ಅದನ್ನು ಗಟ್ಟಿಯಾಗಿ ಓದತೊಡಗಿದರು. ಅದಕ್ಕೆ ಭಾವಾರ್ಥ ಬೇಕಾಗಿರಲಿಲ್ಲ.

"ಅರ್ಥ ಆಗಿಲ್ಲ ಅಂದ್ಯಲ್ಲ," ಅಂದರು ಸಾಹೇಬರು, ಕಿವಿ ಕೆಂಪಗೆ ಮಾಡಿಕೊಂಡು. "ಅದನ್ನೇ ಬರೆದು ಸಹಿ ಹಾಕಿಕೊಡು. ಸುಳ್ಳು ದೃಢೀಕರಣ ಕೊಟ್ಟೆ ಅಂತ."

"ಬರೆದೂ ಕೊಡಲ್ಲ ಸಾರ್. ಒಂದು ಸಲ ಬರೆದುಕೊಟ್ಟು ನೋಡಿದೀನಿ."

ಸಾಹೇಬರು ಲಕೋಟೆಯನ್ನು ಜೇಬಿಗೆ ಇಳಿಸಿದರು. "ನಿನ್ನ ಕೆಲಸ ಮುಗೀತು. ಆ ಚಾವಿ ಕೊಟ್ಟು ಮನೆಗೆ ಹೋಗು."

ನೀರುಗಂಟಿ ಚಾವಿಯನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸಿಕೊಂಡ.

"ಇಲ್ಲ ಸಾರ್," ಅಂದ. "ನಾಳೆ ಐದೂವರೆಗೆ ಕೆಳಬೀದಿಗೆ ನೀರು ಬಿಡಬೇಕು. ಚಾವಿ ಕೊಡಲ್ಲ."